ಅಂತೆ ಇಲ್ಲದ ಊರು

ಆ ಊರಿಗೆ ಒಂದು ಹೆಸರಿತ್ತಂತೆ. ಈಗ ಇಲ್ಲ. ನಾನೇ ಒಂದು ಹೆಸರಿಟ್ಟುಬಿಡಬಹುದು, ಆದರೆ ಇಟ್ಟ ಕೂಡಲೇ ನೀವು ಅದು ಯಾವ ತಾಲ್ಲೂಕು, ಅಲ್ಲಿ ಯಾರ ಕಡೆಯವರು ಜಾಸ್ತಿ ಎಂದು ವಿಚಾರಿಸಲು ಶುರುಮಾಡುತ್ತೀರಿ. ಕಥೆ ಅಲ್ಲಿಗೇ ಕೆಡುತ್ತದೆ. ಇನ್ನೊಂದು ಮಾತು. ಇದರಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ನಾನು ಕೇಳಿದ್ದೇ ಹೊರತು ಕಂಡದ್ದಲ್ಲ. ನ್ಯಾಯವಾಗಿ ಪ್ರತಿ ವಾಕ್ಯದ ಬಾಲಕ್ಕೂ ಒಂದು ‘ಅಂತೆ’ ಹಚ್ಚಬೇಕು. ಹಾಗೆ ಮಾಡಿದರೆ ನಿಮಗೆ ಬೇಸರ, ನನಗೆ ಆಯಾಸ. ಆದ್ದರಿಂದ ಇಡೀ ಕಥೆಗೆ ಸೇರಿಸಿ ಒಂದೇ ಒಂದು ಅಂತೆಯನ್ನು ಈಗಲೇ ನಿಮ್ಮ ಕೈಗೆ ಕೊಟ್ಟುಬಿಡುತ್ತೇನೆ. ಬೇಕಾದ ಕಡೆ ನೀವೇ ಹಚ್ಚಿಕೊಳ್ಳಿ.

ಆ ಊರಿನಲ್ಲಿ ಸುದ್ದಿ ಬರುತ್ತಿದ್ದುದು ಒಂದೇ ಬಾಯಿಂದ. ನಾಲ್ಕು ಬೀದಿ ಕೂಡುವಲ್ಲಿ ಒಂದು ಚಪ್ಪಟೆ ಕಲ್ಲು. ದೀಪ ಹಚ್ಚುವ ಹೊತ್ತಿಗೆ ಸಾರುವವಳು ಬಂದು ಕಲ್ಲು ಹತ್ತಿ ಜಾಗಟೆ ಬಡಿಯುವಳು. ಊರೆಲ್ಲ ಬಂದು ನಿಲ್ಲುವುದು. ಕಣ್ಣಾರೆ ಕಂಡದ್ದನ್ನು ಅವಳು ಹಾಗೆಯೇ ಹೇಳುವಳು: “ಮೂಡಣ ಬೀದಿಯಲ್ಲಿ ಹೆಣ್ಣುಮಗು ಹುಟ್ಟಿತು.” ಊರು ಹೇಳುವುದು: “ಹೌದು.” ಕಿವಿಗೆ ಬಿದ್ದದ್ದನ್ನು ಅಂತೆ ಸೇರಿಸಿ ಹೇಳುವಳು: “ಹೊಳೆಯಾಚೆ ಎರಡು ತಲೆಯ ಕರು ಹುಟ್ಟಿತಂತೆ.” ಊರು ಹೇಳುವುದು: “ಇರಬಹುದು.”

ಇರಬಹುದು ಎಂದವನು ಮನೆಗೆ ಹೋಗಿ ಉಣ್ಣಬಹುದಿತ್ತು. ಹೌದು ಎಂದವನು ಮಾತ್ರ ಕೈಯಾರೆ ಒಂದು ಹಿಡಿ ಕೊಡಬೇಕಿತ್ತು. ಮಗು ಹುಟ್ಟಿದ ಮನೆಗೆ ಹಿಡಿ ಅಕ್ಕಿ. ಸತ್ತವರ ಗುಂಡಿಗೆ ಹಿಡಿ ಮಣ್ಣು. ಊರಿಗೆ ಕೇಡು ಬಗೆದವರ ಬಾಗಿಲಿಗೆ ಹಿಡಿ ಕೆಸರು. ಅಲ್ಲಿನ ಮನೆಗಳಿಗೆ ಕಿಟಕಿ ಇಲ್ಲ, ಒಂದೇ ಬಾಗಿಲು. ಊರೆಲ್ಲ ಒಂದೊಂದು ಹಿಡಿ ಮೆತ್ತಿದರೆ ಬಾಗಿಲು ಗೋಡೆಯಾಗುತ್ತಿತ್ತು, ಒಳಗಿದ್ದವರು ಒಳಗೇ. ಒಮ್ಮೆ ಹೌದು ಎಂದದ್ದನ್ನು ಆಮೇಲೆ ಅಲ್ಲ ಎನ್ನುವಂತಿರಲಿಲ್ಲ. ಆದರೂ ಯಾರೂ ಹೆದರಿಕೊಂಡು ಬದುಕುತ್ತಿರಲಿಲ್ಲ. ಕೇಡಿನ ಸುದ್ದಿ ಯಾವಾಗಲೂ ಅಂತೆಯನ್ನು ಹೊತ್ತುಕೊಂಡೇ ಬರುತ್ತಿತ್ತು, ಯಾಕೆಂದರೆ ಸಾರುವವಳು ಕೇಡನ್ನು ತನ್ನ ಕಣ್ಣಿಂದ ಕಂಡದ್ದು ಕಡಿಮೆ. ಅವಳಿಗೆ ಈ ಕೆಲಸ ತಾಯಿಯಿಂದ ಬಂದದ್ದು. “ಕಂಡಿದ್ದಾದ್ರೆ ಹಾಗೇ ಹೇಳು, ಕೇಳಿದ್ದಾದ್ರೆ ಅಂತೆ ಸೇರ್ಸು. ನಮ್ಮ ಕೆಲ್ಸ ಇಷ್ಟೇ ಕಣೇ,” ಎಂದು ಕಲಿಸಿ ತಾಯಿ ತೀರಿಕೊಂಡಿದ್ದಳು.

ಊರಿಗೆ ಹೊಸ ಯಜಮಾನ ಬಂದ. ಒಳ್ಳೆಯವನೇ ಎಂದು ಮೊದಮೊದಲು ಎಲ್ಲರೂ ಅಂದುಕೊಂಡರು. ಎಲ್ಲರನ್ನೂ ಅಣ್ಣಾ, ಅಕ್ಕಾ ಎಂದೇ ಮಾತಾಡಿಸುತ್ತಿದ್ದ, ದಪ್ಪ ಉಂಗುರದ ಕೈಯಿಂದ ಮಕ್ಕಳ ಕೆನ್ನೆ ಚಿವುಟುತ್ತಿದ್ದ. ಒಂದು ಸಂಜೆ ಸಾರುವವಳು “ಯಜಮಾನರು ಈ ಬೇಸಗೆಯೊಳಗೆ ಕೆರೆ ತುಂಬಿಸುತ್ತಾರಂತೆ” ಎಂದಳು. ಊರು ಎಂದಿನಂತೆ “ಇರಬಹುದು” ಎಂದಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಲ್ಲಿನ ಎದುರಿಗೇ ಇದ್ದ ಚಾವಡಿಯ ಜಗಲಿಯಲ್ಲಿ ಕೂತಿದ್ದ ಯಜಮಾನನಿಗೆ ಅದು ಕೇಳಿಸಿತು.

ಮರುದಿನ ಅವಳನ್ನು ಕರೆಸಿದ.

“ಅಂತೆ ಅನ್ನೋದು ಅನುಮಾನ ಕಣಮ್ಮಾ,” ಎಂದ, ಮೆತ್ತಗೆ. “ಅನುಮಾನದ ಮೇಲೆ ಊರು ನಿಲ್ಲತ್ತಾ?”

“ಇಷ್ಟು ದಿನ ನಿಂತಿತ್ತಲ್ಲಾ ಸ್ವಾಮಿ.”

“ನಿಂತಿತ್ತು. ನಡೀತಿರ್ಲಿಲ್ಲ. ನಾಳೆಯಿಂದ ಅಂತೆ ಬೇಡ. ಇವತ್ತೇ ಸಾರಿಬಿಡು.”

ಸಂಜೆ ಅವಳು ಕಲ್ಲು ಹತ್ತಿದಳು. ಅಂತೆ ಹೋದದ್ದನ್ನು ಅವಳು ಕಂಡಿರಲಿಲ್ಲ, ಹೋಗುತ್ತದೆಂದು ಕೇಳಿದ್ದಳು, ಅಷ್ಟೆ. ತಾಯಿ ಕಲಿಸಿದ ಹಾಗೆ ಜಾಗಟೆ ಬಡಿದು ಕೂಗಿದಳು: “ನಾಳೆಯಿಂದ ಅಂತೆ ಇಲ್ಲವಂತೆ!”

“ಇರಬಹುದು!” ಎಂದಿತು ಊರು. ಹೇಳಿ ಮುಗಿಸುವಷ್ಟರಲ್ಲಿ ತಾವು ಏನು ಹೇಳಿದೆವು ಎಂದು ಎಲ್ಲರಿಗೂ ಹೊಳೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾರುವವಳೂ ಕಲ್ಲಿನ ಮೇಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಊರು ಒಟ್ಟಿಗೆ ನಕ್ಕದ್ದು ಅದೇ ಕೊನೆಯ ಸಲ.

ಮಾರನೆಯ ಸಂಜೆ ಕಲ್ಲಿನ ಎಡಕ್ಕೊಬ್ಬ ಬಲಕ್ಕೊಬ್ಬ ಕೋಲಿನವರು ಬಂದು ನಿಂತರು. ಅವರ ಕೆಲಸ ಇಷ್ಟೇ: ಅವಳ ಮಾತಿನ ಬಾಲವನ್ನು ಕಾಯುವುದು. ಅಂತೆ ಬಂದರೆ ಕೋಲು ಎತ್ತುವುದು. ಅಂದಿನಿಂದ ಸುದ್ದಿ ಚಾವಡಿಯಲ್ಲೇ ಬೆಂದು ಬರುತ್ತಿತ್ತು, ಅವಳು ಬಡಿಸಬೇಕಿತ್ತು. “ಕೆರೆ ತುಂಬಿದೆ,” ಎಂದಳು ಸಾರುವವಳು, ತಲೆ ತಗ್ಗಿಸಿಕೊಂಡು. ಅಂತೆ ಇಲ್ಲದ ಮಾತಿಗೆ ಊರಿಗೆ ಗೊತ್ತಿದ್ದದ್ದು ಒಂದೇ ಉತ್ತರ. “ಹೌದು.”

ಹೌದು ಎಂದ ಮೇಲೆ ನೀರು ತರಬೇಕಲ್ಲ. ಹೆಂಗಸರು ಕೊಡ ಹಿಡಿದು ಕೆರೆಗೆ ಹೋದರು. ಕೆರೆಯಲ್ಲಿ ಬಿರುಕು ಬಿಟ್ಟ ನೆಲ, ಗಾಳಿಗೆ ಏಳುವ ಧೂಳು. ಬಗ್ಗಿ ಕೊಡ ಮುಳುಗಿಸಿದ ಹಾಗೆ ಮಾಡಿ, ತಲೆಯ ಮೇಲಿಟ್ಟುಕೊಂಡು, ತುಳುಕದ ಹಾಗೆ ನಿಧಾನವಾಗಿ ನಡೆದು ಬಂದರು. ಎಲ್ಲರಿಗಿಂತ ನಿಧಾನವಾಗಿ ನಡೆದವಳು ಒಬ್ಬ ಮುದುಕಿ. ಅವಳನ್ನು ಆಮೇಲೆ ಎಲ್ಲರೂ ಕೊಡದಜ್ಜಿ ಎಂದೇ ಕರೆದರು, ಯಾಕೆಂದರೆ ಅವಳು ಆ ಕೊಡವನ್ನು ತಲೆಯಿಂದ ಇಳಿಸುತ್ತಲೇ ಇರಲಿಲ್ಲ.

“ನೀರು ಹೇಗಿದೆ ಅಜ್ಜಿ?”

“ತಣ್ಣಗಿದೆ ಮಗಾ,” ಎನ್ನುವಳು, ಒಣಗಿದ ತುಟಿ ನೆಕ್ಕಿಕೊಂಡು.

ಇಲ್ಲಿ ನನಗೆ ಸಿಟ್ಟು ಬರುತ್ತದೆ. ಆದರೆ ಯಾರ ಮೇಲೆ ಎಂದು ಸರಿಯಾಗಿ ಗೊತ್ತಾಗುವುದಿಲ್ಲ. ಬಾಯಾರಿಕೆ ಎಲ್ಲರಿಗೂ ಆಗಿತ್ತು. ಕೆರೆ ತುಂಬಿದೆ ಎಂದು ಎಲ್ಲರೂ ಹೇಳಿಯೂ ಆಗಿತ್ತು. ಎರಡೂ ಒಂದೇ ಮೈಯಲ್ಲಿ ಇರಬೇಕಾದರೆ ನೀರನ್ನು ಯಾರೋ ಕದ್ದಿರಬೇಕು.

“ಗಾಣದವನು ಕೆರೆಯ ನೀರನ್ನು ಕದ್ದ,” ಎಂದು ಒಂದು ಸಂಜೆ ಚಾವಡಿಯಿಂದ ಸುದ್ದಿ ಬಂತು. ಗಾಣದವನು ಊರಿಗೆಲ್ಲ ಎಣ್ಣೆ ಆಡಿಕೊಡುವವನು, ಒಂಟಿ ಮನುಷ್ಯ. ಸಾರುವವಳು ಅದನ್ನು ಕಂಡಿರಲಿಲ್ಲ. ಎಡಕ್ಕೆ ನೋಡಿದಳು, ಕೋಲು. ಬಲಕ್ಕೆ ನೋಡಿದಳು, ಕೋಲು. “ಕದ್ದ,” ಎಂದಳು. “ಹೌದು,” ಎಂದಿತು ಊರು. ಕೆಸರು ಕಲಸಿದರು. ಒಬ್ಬೊಬ್ಬರೂ ಒಂದೊಂದು ಹಿಡಿ. ಬಾಗಿಲು ಮುಚ್ಚುತ್ತಾ ಬಂದು, ಕಡೆಗೆ ಒಂದು ಮುಖದಷ್ಟು ಸಂದು ಉಳಿದಾಗ ಒಳಗಿನಿಂದ ಗಾಣದವನು ಅವಳನ್ನು ಗುರುತಿಸಿದ. ಬೈಯಲಿಲ್ಲ. ಅಳಲೂ ಇಲ್ಲ. “ನೀನು ಕಂಡ್ಯಾ?” ಎಂದು ಕೇಳಿದ. ಸಂದು ಮುಚ್ಚಿತು. ಒಳಗಿನಿಂದ ಮತ್ತೆ, ಮಣ್ಣಿನೊಳಗಿಂದ ಬಂದ ಹಾಗೆ: “ಕಂಡ್ಯಾ?”

ಮರುದಿನದ ಸುದ್ದಿ: “ಅಲ್ಲಿ ಮನೆಯೇ ಇರಲಿಲ್ಲ.” ಊರು “ಹೌದು” ಎಂದಿತು. ದೀಪಕ್ಕೆ ಎಣ್ಣೆ ಇಲ್ಲದೆ ಆ ಸಂಜೆ ಅರ್ಧ ಊರು ಕತ್ತಲಲ್ಲಿ ಕೂತಿತು.

ಜನ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ಅಭ್ಯಾಸ ಎನ್ನುವುದು ಕೆಟ್ಟದ್ದು. ಮೊದಲು ಜಾಗಟೆ ಕೇಳಿದ ಮೇಲೆ ಮನೆ ಬಿಡುತ್ತಿದ್ದವರು ಈಗ ಮೊದಲೇ ಬಂದು ಮುಂದಿನ ಜಾಗ ಹಿಡಿಯುತ್ತಿದ್ದರು. “ಇವತ್ತು ಯಾರ ಬಾಗ್ಲು?” ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಇನ್ನೊಂದು ಬಾಗಿಲ ಸುದ್ದಿ ಬಾರದೆ ಪ್ರತಿ ಸಂಜೆ ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು.

ಆ ಊರಿಗೆ ಒಂದು ಹಾಡಿತ್ತು. ವರ್ಷಕ್ಕೊಮ್ಮೆ ಹುಣ್ಣಿಮೆಯ ದಿನ ಬಯಲಿನಲ್ಲಿ ಎಲ್ಲರ ಮುಂದೆ ಹಾಡುವವಳು ಅದನ್ನು ಹಾಡುತ್ತಿದ್ದಳು. ಅದರ ಕೊನೆಯ ಸಾಲಿನ ಕೊನೆಯ ಮಾತು ಊರಿನ ಹೆಸರು. ಆ ವರ್ಷ ಯಜಮಾನ ಮುಂದಿನ ಸಾಲಿನಲ್ಲಿ ಕೂತಿದ್ದ. ಸಾರುವವಳೂ ಅದೇ ಸಾಲಿನಲ್ಲಿದ್ದಳು. ಹಾಡುವವಳು ಅವಳ ಗೆಳತಿ, ಎದುರುಬದುರು ಮನೆ. ಚಿಕ್ಕಂದಿನಲ್ಲಿ ಒಬ್ಬಳು ಜಾಗಟೆ ಬಡಿದರೆ ಇನ್ನೊಬ್ಬಳು ಹಾಡಿಕೊಂಡು ಬೆಳೆದವರು. ಹಾಡು ಏರಿತು, ಇಳಿಯಿತು, ಕೊನೆಯ ಸಾಲಿಗೆ ಬಂತು. ಹೆಸರಿನ ಹತ್ತಿರ ಬರುವಾಗ ಒಣ ಕೆರೆಯ ಕಡೆಯಿಂದ ಗಾಳಿ ಬೀಸಿತು. ಧೂಳು ಅವಳ ಗಂಟಲಿಗೆ ಹೋಯಿತು. ಕೆಮ್ಮಿದಳು. ಕೆಮ್ಮು ನಿಲ್ಲುವಷ್ಟರಲ್ಲಿ ತಾಳ ಮುಗಿದಿತ್ತು. ಹೆಸರು ಬರಲಿಲ್ಲ.

ಹೆಸರನ್ನು ತಾನಾದರೂ ಹೇಳಿ ಹಾಡು ಮುಗಿಸೋಣವೆಂದು ಒಬ್ಬರೂ ಬಾಯಿ ತೆರೆಯಲಿಲ್ಲ. ಯಜಮಾನ ಎದ್ದು ಹೆಗಲ ಶಲ್ಯ ಸರಿಮಾಡಿಕೊಂಡು ಹೊರಟುಹೋದ.

ಬೆಳಿಗ್ಗೆ ಸಾರುವವಳಿಗೆ ಚಾವಡಿಯಿಂದ ಕರೆ ಬಂತು.

“ಇವತ್ತಿನ ಸುದ್ದಿ ಒಂದೇ,” ಎಂದ ಯಜಮಾನ. “ಹಾಡುವವಳು ಊರಿನ ಹೆಸರನ್ನು ನುಂಗಿದಳು.”

“ಕೆಮ್ಮಿದ್ಲು ಸ್ವಾಮಿ. ನಾನು ಕಂಡೆ. ನೀವೂ ಅಲ್ಲೇ ಇದ್ರಿ.”

“ಹಾಗಾದ್ರೆ ಹೆಸರು ಎಲ್ಲಿ? ನೀನು ಹೇಳು ನೋಡೋಣ, ಊರಿನ ಹೆಸರು ಏನು?”

ಸಾರುವವಳು ಬಾಯಿ ತೆರೆದಳು. ನಾಲಗೆಯ ತುದಿಯಲ್ಲಿದ್ದ ಹಾಗಿತ್ತು. ಬರಲಿಲ್ಲ.

“ನೋಡಿದ್ಯಾ?” ಎಂದು ಯಜಮಾನ ನಕ್ಕ. “ಮಣ್ಣು ಕಲಸೋಕೆ ಹೇಳಿದೀನಿ. ಎರಡು ಬಾಗ್ಲಿಗೆ ಆಗೋಷ್ಟು ಕಲಸ್ತಾರೆ. ಒಂದು ಸಾಕಾಗತ್ತೋ ಎರಡು ಬೇಕೋ, ನಿನ್ನ ಬಾಯಿ ನೋಡ್ಕೊಂಡು ತೀರ್ಮಾನ ಮಾಡೋಣ.”

ಮಧ್ಯಾಹ್ನ ಅವಳು ಗೆಳತಿಯ ಮನೆಗೆ ಹೋದಳು. ಹಾಡುವವಳು ಒಲೆಯ ಮುಂದೆ ಕೂತು ಶುಂಠಿ ಜಜ್ಜುತ್ತಿದ್ದಳು. ಗಂಟಲು ಇನ್ನೂ ಕಟ್ಟಿತ್ತು. ಕಷಾಯಕ್ಕೆ ಹಾಕಲು ನೀರಿರಲಿಲ್ಲ, ಬರೀ ಶುಂಠಿಯನ್ನೇ ಬಾಯಿಗೆ ಹಾಕಿಕೊಂಡಳು.

“ಓಡಿಹೋಗೇ,” ಎಂದಳು ಸಾರುವವಳು. “ಈಗ್ಲೇ. ಹಿಂದಿನ ಬಯಲು ದಾಟ್ಕೊಂಡು.”

“ಎಲ್ಲಿಗೆ ಹೋಗ್ಲಿ? ಯಾವೂರಮ್ಮಾ ನಿಂದು ಅಂತ ಯಾರಾದ್ರೂ ಕೇಳಿದ್ರೆ ಏನ್ ಹೇಳ್ಲಿ? ನಂಗೂ ನೆನಪಿಗೆ ಬರ್ತಿಲ್ಲ ಕಣೇ.” ಹಾಡುವವಳು ಸ್ವಲ್ಪ ಹೊತ್ತು ಶುಂಠಿ ಅಗಿದಳು. “ನಿಜವಾಗ್ಲೂ ನಾನೇ ನುಂಗಿಬಿಟ್ನಾ?”

ಈ ಮಾತು ಕೇಳಿ ಸಾರುವವಳಿಗೆ ಹೆದರಿಕೆಯಾಯಿತು. ಕೋಲಿಗೂ ಕೆಸರಿಗೂ ಅವಳು ಅಷ್ಟು ಹೆದರಿರಲಿಲ್ಲ. ಕೆಮ್ಮಿದವಳಿಗೇ ತನ್ನ ಕೆಮ್ಮಿನ ಮೇಲೆ ಅನುಮಾನ ಬಂದಿತ್ತು.

“ಕೆಮ್ಮಿದೆ. ನಾನು ಕಂಡೆ,” ಎಂದಳು.

“ನೀನು ಕಂಡಿದ್ದು ಸಾಕು ಬಿಡು. ಸಂಜೆ ನೀನು ಅದನ್ನ ಹೇಳ್ಬೇಕಾದ್ರೆ ಹೇಳು. ಬೇಜಾರಿಲ್ಲ. ಬೇರೆಯವರ ಬಾಯಿಗಿಂತ ನಿನ್ನ ಬಾಯಿ ವಾಸಿ.” ಹಾಗೆ ಹೇಳಿ ಹಾಡುವವಳು ಗೋಡೆಯ ಕಡೆ ತಿರುಗಿ ಕೂತಳು.

ಸಂಜೆ ಊರೆಲ್ಲ ಸೇರಿತು. ಕಲ್ಲಿನ ಪಕ್ಕದಲ್ಲಿ ಕೆಸರಿನ ಗುಡ್ಡೆ. ಆಮೇಲೆ ನೂಕುನುಗ್ಗಲಾಗಬಾರದೆಂದು ಬಂದವರೆಲ್ಲ ಮೊದಲೇ ಒಂದೊಂದು ಹಿಡಿ ತೆಗೆದುಕೊಂಡು ನಿಂತಿದ್ದರು. ಬೆರಳ ಸಂದಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಊರಿನಲ್ಲಿ ಉಳಿದಿದ್ದ ನೀರೆಲ್ಲ ಅದಕ್ಕೇ ಹೋಗಿತ್ತು ಎಂದು ಕಾಣುತ್ತದೆ. ಕಲ್ಲಿನ ಮೇಲಿಂದ ನೋಡಿದರೆ ಹಾಡುವವಳ ಮನೆಯ ಬಾಗಿಲು ನೇರ ಕಾಣುತ್ತಿತ್ತು. ಬಾಗಿಲು ತೆರೆದೇ ಇತ್ತು. ಅವಳು ಒಳಗೆ ನಡುಮನೆಯಲ್ಲಿ, ಮುಖ ಹೊರಗೆ ಮಾಡಿ ಕೂತಿದ್ದಳು.

ಸಾರುವವಳು ಕಲ್ಲು ಹತ್ತಿದಳು. ಜಾಗಟೆ ಬಡಿದಳು. ಕೋಲಿನವರು ಕಿವಿ ನಿಮಿರಿಸಿದರು.

“ಹಾಡುವವಳು,” ಎಂದಳು. ನಿಂತಳು.

“ಊರಿನ ಹೆಸರನ್ನು,” ಎಂದಳು. ಜನ ಬಾಯಿ ತೆರೆದು ಹೌದಿಗೆ ಸಿದ್ಧರಾದರು.

“ನುಂಗಿದಳ...”

ಅಲ್ಲಿ ಅವಳ ಬಾಯಿ ತೆರೆದೇ ನಿಂತಿತು. ಕೋಲುಗಳು ಅರ್ಧ ಎದ್ದವು. ಇನ್ನು ಅಂತೆ ಬರುತ್ತದೆ ಎಂದು ಕೋಲಿನವರಿಗೆ ಖಾತ್ರಿಯಾಗಿತ್ತು. ಅವಳಿಗೆ ಅಂತೆ ಹೇಳುವ ಧೈರ್ಯವಿರಲಿಲ್ಲ, ನುಂಗಿದಳು ಎಂದು ಮುಗಿಸಲು ಮನಸ್ಸಿರಲಿಲ್ಲ. ತೆರೆದ ಬಾಯೊಳಗೆ ಉಸಿರು ಹರಿಯುತ್ತಲೇ ಇತ್ತು. ಮಣ್ಣಿನೊಳಗಿಂದ ಗಾಣದವನು ಕೇಳುತ್ತಲೇ ಇದ್ದ, ಕಂಡ್ಯಾ, ಕಂಡ್ಯಾ. ಆ ಉಸಿರು ಹಾಗೇ ಉದ್ದವಾಯಿತು.

“ನುಂಗಿದಳಾ?”

ಅಂತೆ ಬಂದಿರಲಿಲ್ಲ. ಕೋಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಇದಕ್ಕೆ ಕೋಲು ಎತ್ತಬೇಕೋ ಇಳಿಸಬೇಕೋ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದಿನ ಸಾಲಿನವನೊಬ್ಬ ಅಭ್ಯಾಸಬಲದಿಂದ “ಹೌ” ಎಂದವನು “ದು” ಎನ್ನುವುದನ್ನು ಹಾಗೇ ತಡೆದುಕೊಂಡ. ಪ್ರಶ್ನೆಗೆ ಹೌದು ಎಂದರೆ ಅದು ಊರಿನ ಹೌದಲ್ಲ, ಅವನದೇ ಹೌದು.

ಯಜಮಾನ ಜಗಲಿಯಿಂದ ಎದ್ದ. “ಏನಮ್ಮಾ ಇದು? ಸುದ್ದಿ ಹೇಳು ಅಂದ್ರೆ ನಮ್ಮನ್ನೇ ಕೇಳ್ತಿದೀಯಾ?”

“ನಾನು ಅಲ್ಲಿದ್ದೆ ಸ್ವಾಮಿ. ನೀವಿದ್ರಿ. ಊರೆಲ್ಲ ಇತ್ತು. ಕಂಡೋರೇ ಹೇಳ್ಲಿ.” ಜಾಗಟೆ ಅವಳ ಕೈಯಲ್ಲೇ ಸಣ್ಣಗೆ ಸದ್ದು ಮಾಡುತ್ತಿತ್ತು. “ನುಂಗಿದಳಾ?”

“ಹೌದು ಅನ್ರೋ!” ಎಂದು ಗದರಿದ ಎಡಗಡೆಯ ಕೋಲಿನವನು.

ಯಾರೂ ಅನ್ನಲಿಲ್ಲ. ಯಾರೂ ಅಲ್ಲ ಎಂದೂ ಅನ್ನಲಿಲ್ಲ. ಅವರನ್ನು ಶೂರರೆಂದು ಹೊಗಳಬೇಡಿ, ಪಕ್ಕದವನು ಮೊದಲು ಹೇಳಲಿ ಎಂದು ಒಬ್ಬೊಬ್ಬನೂ ಕಾಯುತ್ತಿದ್ದ. ಕಾದರು. ಕೆರೆಯ ಕಡೆಯಿಂದ ಅದೇ ಬಿಸಿ ಗಾಳಿ ಬೀಸಿತು. ಕೈಯಲ್ಲಿದ್ದ ಕೆಸರು ಆರತೊಡಗಿತು. ಮೊದಲು ಅಂಚು ಬಿಳಿಚಿತು, ಆಮೇಲೆ ಬಿರುಕು ಬಿಟ್ಟಿತು. ಸಣ್ಣ ಸಣ್ಣ ಹೆಂಟೆ ಉದುರಿ ಕಾಲ ಬಳಿ ಬೀಳುವ ಸದ್ದು ಒಂದೇ ಕೇಳಿಸುತ್ತಿತ್ತು. ನಡುಮನೆಯಲ್ಲಿ ಕೂತ ಹಾಡುವವಳು ಮಿಸುಕಲಿಲ್ಲ.

ಆಗ ಕೊಡದಜ್ಜಿ ಮುಂದೆ ಬಂದಳು. ತಲೆಯ ಮೇಲಿನ ಕೊಡವನ್ನು ಎರಡೂ ಕೈಯಿಂದ ಇಳಿಸಿ, ಎಲ್ಲರೂ ನೋಡುತ್ತಿದ್ದ ಹಾಗೆ ಬೋರಲು ಹಾಕಿದಳು. ಒಂದು ಒಣ ಎಲೆ ಬಿತ್ತು, ಅದರ ಹಿಂದೆ ಒಂದಿಷ್ಟು ಧೂಳು.

“ಈ ಧೂಳು ಕುಡ್ದು ಕುಡ್ದು ನಂಗೂ ಕೆಮ್ಮು,” ಎಂದಳು. “ಕೆಮ್ಮಿದ್ಲು ಕಣ್ರಪ್ಪಾ. ನಾನು ಕಂಡೆ.” ಹೇಳಿ ಮುಗಿಸಿ ನಿಜವಾಗಿಯೂ ಕೆಮ್ಮಿದಳು. ಹಿಂದಿನಿಂದ ಇನ್ನೊಬ್ಬರು ಕೆಮ್ಮಿದರು. ಇಷ್ಟು ದಿನ ತಡೆದುಕೊಂಡಿದ್ದವರೆಲ್ಲ ಕೆಮ್ಮತೊಡಗಿದರು.

“ಹೌದು!” ಎಂದು ಕೂಗಿದ ಯಜಮಾನ. “ನಾನು ಹೇಳ್ತಿದೀನಿ, ನುಂಗಿದ್ಲು. ಹೌದು!” ಕೋಲಿನವರಿಬ್ಬರೂ “ಹೌದು, ಹೌದು” ಎಂದರು.

ಕೆಮ್ಮು ನಿಂತಿತು. ಎಲ್ಲರೂ ಅವನನ್ನೇ ನೋಡಿದರು. ಹೌದು ಎಂದವನು ಕೈಯಾರೆ ಹಿಡಿ ಹಾಕಬೇಕು. ಅವನು ತನ್ನ ಬದಲು ಹಾಕುವವರು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದ. ಎಲ್ಲರೂ ತಂತಮ್ಮ ಕೈ ಕೊಡವಿಕೊಳ್ಳುತ್ತಿದ್ದರು. ಶಲ್ಯವನ್ನು ಕತ್ತಿಗೆ ಸುತ್ತಿಕೊಂಡು ಬಗ್ಗಿ, ಗುಡ್ಡೆಯ ಒಳಗಿನ ಹಸಿಯಿಂದ ಒಂದು ಹಿಡಿ ತೆಗೆದುಕೊಂಡ. ಕೋಲಿನವರು ಕೋಲು ಕೆಳಗಿಟ್ಟು ಒಂದೊಂದು ಹಿಡಿ ತೆಗೆದುಕೊಂಡರು. ಜನ ದಾರಿ ಬಿಟ್ಟರು. ಮೂವರೂ ಹೋಗಿ ಹಾಡುವವಳ ಹೊಸ್ತಿಲ ಮೇಲೆ ಮೆತ್ತಿದರು. ಮೂರು ಹಿಡಿ ಕೆಸರಿಗೆ ಒಂದು ಹೊಸ್ತಿಲು ಕೂಡ ಮುಚ್ಚುವುದಿಲ್ಲ. ಹಾಡುವವಳು ಎದ್ದು ಬಂದಳು, ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದು, ಅದನ್ನು ದಾಟಿ ಹೊರಗೆ ಬಂದಳು.

ಇಂಥ ಕಥೆಗಳಲ್ಲಿ ಇಷ್ಟು ಹೊತ್ತಿಗೆ ಯಜಮಾನನಿಗೆ ಸಿಡಿಲು ಬಡಿಯಬೇಕು. ಬಡಿಯಲಿಲ್ಲ. ಅವನು ಇನ್ನೂ ಚಾವಡಿಯ ಜಗಲಿಯಲ್ಲೇ ಕೂತಿದ್ದಾನೆ, ಮಕ್ಕಳ ಕೆನ್ನೆ ಚಿವುಟುತ್ತಾನೆ. ಕೋಲಿನವರು ಅಂದು ಕೆಳಗಿಟ್ಟ ಕೋಲನ್ನು ಮತ್ತೆ ಎತ್ತಲಿಲ್ಲ. ಅವನ ಮಾತುಗಳನ್ನು ಸಾರುವವಳು ಈಗಲೂ ಸಾರುತ್ತಾಳೆ, ಅಂತೆ ಸೇರಿಸಿ. ಊರು “ಇರಬಹುದು” ಎನ್ನುತ್ತದೆ. ಊರಿನ ಹೆಸರು ಮಾತ್ರ ಸಿಗಲಿಲ್ಲ. ಅಷ್ಟು ಕಾಲ ಒಂದೇ ಮಾತನ್ನು ಆಡಿದ ಬಾಯಿಗಳಲ್ಲಿ ಎಷ್ಟು ತಡಕಾಡಿದರೂ ಬೇರೆ ಏನೂ ಸಿಗಲಿಲ್ಲ. ಹುಣ್ಣಿಮೆಯ ಹಾಡಿನಲ್ಲಿ ಹೆಸರು ಬರಬೇಕಾದ ಜಾಗದಲ್ಲಿ ಈಗ ಊರೆಲ್ಲ ಸೇರಿ ಕೆಮ್ಮುತ್ತದೆ.

ಗಾಣದವನ ಗೋಡೆಯನ್ನು ಮರುದಿನವೇ ಅಗೆದರು. ಮಣ್ಣಿನ ಹಿಂದೆ ಮಣ್ಣಿತ್ತು. ಇನ್ನಷ್ಟು ಅಗೆದರು, ಇನ್ನಷ್ಟು ಮಣ್ಣು. ಅಲ್ಲಿ ಮನೆಯೇ ಇರಲಿಲ್ಲ ಎಂಬುದಕ್ಕೆ ಹೌದು ಎಂದದ್ದನ್ನು ಅಲ್ಲ ಎನ್ನುವಂತಿರಲಿಲ್ಲವಲ್ಲ. ಸಾರುವವಳು ಬಿಡಲಿಲ್ಲ. ಪ್ರತಿ ಸಂಜೆ ಕಲ್ಲು ಹತ್ತಿ ಬೇರೆ ಸುದ್ದಿಗಿಂತ ಮೊದಲು ಇದನ್ನೇ ಹೇಳುತ್ತಾಳೆ: “ಗಾಣದ ಈರಭದ್ರ ಇದ್ದ. ನಾನು ಕಂಡಿದ್ದೆ.” ಊರು “ಹೌದು” ಎನ್ನುತ್ತದೆ. ಹೌದು ಎಂದವರೆಲ್ಲ ಸಾಲಾಗಿ ಹೋಗಿ ಆ ಗೋಡೆಯಿಂದ ಒಂದೊಂದು ಹಿಡಿ ಮಣ್ಣು ತೆಗೆಯುತ್ತಾರೆ. ಇನ್ನೂ ಬಾಗಿಲು ಸಿಕ್ಕಿಲ್ಲ.

ದಾರಿತಪ್ಪಿ ಒಮ್ಮೆ ನಾನು ಆ ಊರಿಗೆ ಹೋಗಿದ್ದೆ. ಸಂಜೆಯಾಗಿತ್ತು, ಜನರ ನಡುವೆ ನಿಂತಿದ್ದೆ. ಈರಭದ್ರ ಇದ್ದ ಎಂದಾಗ ಎಲ್ಲರ ಜೊತೆ ನಾನೂ ಗಟ್ಟಿಯಾಗಿ ಹೌದು ಎಂದುಬಿಟ್ಟೆ. ಈಗ ಮುದುಕಿಯಾಗಿದ್ದ ಸಾರುವವಳು ಕಲ್ಲಿನ ಮೇಲಿನಿಂದ ನನ್ನ ಕಡೆ ತಿರುಗಿದಳು.

“ನೀನು ಕಂಡಿದ್ಯಾ?”

“ಇಲ್ಲ,” ಎಂದೆ.

“ಮತ್ತೆ ಯಾಕೆ ಹೌದು ಅಂದೆ?”

ನನಗೆ ನಾಚಿಕೆಯಾಯಿತು.

“ಇರಬಹುದು ಅನ್ನು,” ಎಂದಳು. “ಆಮೇಲೆ ಎದುರುಮನೇಲಿ ಊಟ ಮಾಡ್ಕೊಂಡು ಹೋಗು.”

ಎದುರುಮನೆಗೆ ಹೋದೆ. ಹೊಸ್ತಿಲ ಮೇಲೆ ಮೂರು ಹಿಡಿ ಮಣ್ಣು ಕಲ್ಲಾಗಿ ಕೂತಿತ್ತು, ಬೆರಳುಗಳ ಅಚ್ಚು ಹಾಗೇ ಇತ್ತು, ಒಂದರಲ್ಲಿ ದಪ್ಪ ಉಂಗುರದ ಗುರುತು. ಕಾಲೆತ್ತಿ ಅದನ್ನು ದಾಟಿಯೇ ಒಳಗೆ ಹೋಗಿ ಉಂಡೆ. ಇದನ್ನು ನಾನು ಕಂಡಿದ್ದೇನೆ. ಮೊದಲಿಗೆ ನಿಮ್ಮ ಕೈಗೆ ಕೊಟ್ಟ ಅಂತೆಯನ್ನು ಇದಕ್ಕೆ ಮಾತ್ರ ಹಚ್ಚಬೇಡಿ.